ಅಪ್‌ಡೇಟ್: ಅಮ್ಮನಿಗೆ ಬಯಾಪ್ಸಿ ಬೇಕಾಗಲಿಲ್ಲ

ಅಮ್ಮನ ಮೊಣಕೈ ಮೇಲೆ ಹೊಟ್ಟು ಉದುರುವ ಕೆಂಪು ಮಚ್ಚೆಗಳಿವೆ, ಬಯಾಪ್ಸಿ ಅಂತ ಚರ್ಮದ ಚೂರು ಕತ್ತರಿಸದೆ ಪರೀಕ್ಷೆ ಮಾಡಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊನ್ನೆ ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋದೆವು. ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಇಟ್ಟು ನೋಡಿದರು. ಲೈಟ್ ಇರುವ ಪುಟ್ಟ ಮಸೂರ, ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ನೋವಿಲ್ಲ, ಸೂಜಿಯಿಲ್ಲ. ಫೋಟೋ ತೆಗೆದು ನಮಗೂ ತೋರಿಸಿದರು. ತಿಳಿ ಕೆಂಪು ಬಣ್ಣದ ಚರ್ಮ, ಬಿಳಿ ಹೊಟ್ಟು, ಮಚ್ಚೆಯ ತುಂಬಾ ಒಂದೇ ಸಮನೆ ಹರಡಿದ ಕೆಂಪು ಚುಕ್ಕಿಗಳು. ಆ ಚುಕ್ಕಿಗಳೆಲ್ಲ ಹಿಗ್ಗಿದ ಸಣ್ಣ ರಕ್ತನಾಳಗಳಂತೆ. ಸೋರಿಯಾಸಿಸ್ ಎಂಬ ಈ ಚರ್ಮದ ಕಾಯಿಲೆ ಗುರುತಿಸಲು ಅದೇ ದೊಡ್ಡ ಸುಳಿವು. ಅನುಮಾನ ಉಳಿದರೆ ಮಾತ್ರ ಬಯಾಪ್ಸಿ ಎಂದರು.

ನಿಮ್ಮಲ್ಲೊಬ್ಬರು ಹೇಳಿದ್ದ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ), ರಾಮನ್ ಸ್ಪೆಕ್ಟ್ರೋಸ್ಕೋಪಿ ಬಗ್ಗೆಯೂ ಕೇಳಿದೆ. ಓಸಿಟಿ ಬೆಳಕಿನಿಂದಲೇ ಒಂದೆರಡು ಮಿಲಿಮೀಟರ್ ಆಳದವರೆಗೆ ಚರ್ಮದ ಪದರಗಳನ್ನು ತೋರಿಸುತ್ತದೆ. ಮೇಲ್ಪದರ ಎಷ್ಟು ದಪ್ಪವಾಗಿದೆ, ಔಷಧಿಯಿಂದ ಎಷ್ಟು ಇಳಿಯಿತು ಅಂತ ಅಳೆಯಬಹುದು. ರಾಮನ್ ವಿಧಾನದಲ್ಲಿ ಲೇಸರ್ ಬೆಳಕು ಚೆದುರುವ ರೀತಿ ನೋಡಿ ಚರ್ಮದಲ್ಲಿರುವ ನೀರು, ಕೊಬ್ಬು, ಪ್ರೋಟೀನ್ ತಿಳಿಯುತ್ತಾರೆ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದು ಇಂಥ ಕೆಲಸಕ್ಕೂ ಬರುತ್ತದೆ ಅಂತ ತಿಳಿದು ನಿಜಕ್ಕೂ ಖುಷಿಯಾಯಿತು. ಆದರೆ ಇವೆರಡೂ ಹೆಚ್ಚಾಗಿ ಸಂಶೋಧನೆಯಲ್ಲೇ ಬಳಕೆಯಲ್ಲಿವೆ, ಅಮ್ಮನಿಗೆ ಬೇಕಿಲ್ಲ ಎಂದರು.

ಹಚ್ಚಲು ಮುಲಾಮು ಕೊಟ್ಟಿದ್ದಾರೆ. ಆರು ವಾರ ಬಿಟ್ಟು ಅದೇ ಜಾಗದ ಫೋಟೋ ತೆಗೆದು ಹೋಲಿಸುತ್ತಾರೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮೊಮ್ಮಗೂನ ಎತ್ಕೋಬಹುದಾ ಡಾಕ್ಟ್ರೇ?" ಇದು ಅಂಟುವ ಕಾಯಿಲೆ ಅಲ್ಲವೇ ಅಲ್ಲ, ಧಾರಾಳವಾಗಿ ಎತ್ಕೊಳ್ಳಿ ಅಮ್ಮ ಎಂದರು ಡಾಕ್ಟರು. ಮನೆಗೆ ಬಂದು ಅಮ್ಮ ಕೈಕಾಲು ತೊಳೆದು ಮೊದಲು ಮಾಡಿದ್ದೇ ಆ ಕೆಲಸ.