‘ಮೆಮೊರಬಿಲಿಯಾ’ಕ್ಕೆ ‘ಗುರ್ತಿನ ಸಾಮಾನು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನೆನಪಿಗೆಂದು ಕೂಡಿಟ್ಟ ಸಾಮಾನಿಗೆ ಇಂಗ್ಲಿಷಿನಲ್ಲಿ ‘ಮೆಮೊರಬಿಲಿಯಾ’ ಅನ್ನುತ್ತಾರಲ್ಲ, ಆ ಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು.

ಹೋದ ತಿಂಗಳು ತೀರ್ಥಹಳ್ಳಿ ಹತ್ತಿರ ನೆಂಟರ ಮನೆಯಲ್ಲಿ ಹೆಂಚು ಕೈಯಾಡಿಸುವ ಕೆಲಸ ನಡೆದಿತ್ತು. ಒಲೆ ಮೇಲಿನ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಸಿದರು. ತೀರಿಹೋದ ದೊಡ್ಡಪ್ಪನದು. 1970ರ ದಶಕದಲ್ಲಿ ಅವರು ಫಿಯೆಟ್ 1100 ತಗೊಂಡು ಕಾರ್ ರ‍್ಯಾಲಿಗೆ ಹೋಗುತ್ತಿದ್ದರು ಅಂತ ನಮಗೆಲ್ಲ ಗೊತ್ತಿತ್ತು. ಆದರೆ ಇಷ್ಟೊಂದು ಕೂಡಿಟ್ಟಿದ್ದಾರೆ ಅನ್ನುವುದು ದೊಡ್ಡಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಂಬರ್ ಬರೆದ ತಗಡಿನ ಫಲಕ, ಬಾನೆಟ್ ಬಿಗಿಯುವ ಚರ್ಮದ ಪಟ್ಟಿ, ಕೀ ಕೊಡುವ ಸ್ಟಾಪ್‌ವಾಚ್, ಎರಡು ಕಪ್, ಶೋಲಾವರಂ ರೇಸಿನ ಪುಸ್ತಿಕೆಗಳು. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಮೇಲೆ ರೇಸ್ ನಡೆಯುತ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವ ತನಕ ನಮ್ಮ ಕಡೆಯವರಿಗೂ ರೇಸ್ ಅಂದರೆ ಶೋಲಾವರಂ. ಪುಸ್ತಿಕೆಯ ಅಂಚಿನಲ್ಲಿ ದೊಡ್ಡಪ್ಪ ಪೆನ್ಸಿಲಿನಲ್ಲಿ ಒಂದೊಂದು ಸುತ್ತಿನ ಸಮಯ ಬರೆದಿದ್ದಾರೆ. ಒಲೆ ಹೊಗೆಗೆ ಹಾಳೆ ಕಂದಿವೆ. ಆದರೆ ಮಲೆನಾಡಿನ ಮಳೆಗಾಲದಲ್ಲೂ ಬೂಷ್ಟು ಹಿಡಿದಿಲ್ಲ, ಅದೇ ಹೊಗೆಯ ಪುಣ್ಯ.

ಮನೆಯವರು ಎಲ್ಲದರದ್ದೂ ಒಂದು ಪಟ್ಟಿ ಮಾಡಿಕೊಡು ಅಂದರು. ಪಟ್ಟಿಗೆ ತಲೆಬರಹ ಬರೆಯಲು ಹೋಗಿ ಅಲ್ಲೇ ನಿಂತೆ. ‘ವಿಂಟೇಜ್ ರೇಸಿಂಗ್ ಮೆಮೊರಬಿಲಿಯಾ’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ವಿಂಟೇಜ್ ಬಿಡಿ, ಅದು ಇಲ್ಲಿಗೆ ಸಲ್ಲುವುದೇ ಇಲ್ಲ. ಮೂಲದಲ್ಲಿ ಅದು ದ್ರಾಕ್ಷಿ ಕೊಯ್ಲಿನ ಮಾತು. ಕಾರಿನ ಲೆಕ್ಕದಲ್ಲಿ 1919ರಿಂದ 1930ರ ಒಳಗೆ ತಯಾರಾದವಕ್ಕೆ ಮಾತ್ರ ವಿಂಟೇಜ್ ಅನ್ನುವುದು ಬ್ರಿಟನ್ನಿನ ರೂಢಿ. ‘ಪುರಾತನ’ ಅಂತ ಬರೆಯುವವರೂ ಇದ್ದಾರೆ. ಇಕ್ಕೇರಿ ದೇವಸ್ಥಾನಕ್ಕೆ ಹೇಳುವ ಮಾತನ್ನು ಫಿಯೆಟ್ ಕಾರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ‘ಹಳೇ ಕಾಲದ’ ಸಾಕು.

ಕಷ್ಟ ಇರುವುದು ಮೆಮೊರಬಿಲಿಯಾದಲ್ಲಿ. ನಿಘಂಟು ನೋಡಿದರೆ ‘ಸ್ಮರಣಿಕೆ’ ಅನ್ನಬಹುದು ಅನ್ನಿಸುತ್ತದೆ. ಆದರೆ ನಾವು ಸ್ಮರಣಿಕೆ ಅನ್ನುವುದು ಸಭೆಯಲ್ಲಿ ಶಾಲು ಹೊದಿಸಿ ಕೈಗೆ ಕೊಡುತ್ತಾರಲ್ಲ, ಅದಕ್ಕೆ. ‘ನೆನಪಿನ ಕಾಣಿಕೆ’ಯೂ ಹಾಗೇ, ಯಾರೋ ಕೊಟ್ಟದ್ದು. ಈ ಪೆಟ್ಟಿಗೆಯಲ್ಲಿ ಕೊಟ್ಟದ್ದು ಅಂತ ಇರುವುದು ಎರಡು ಕಪ್ ಮಾತ್ರ. ಉಳಿದದ್ದೆಲ್ಲ ಕೆಲಸ ಮುಗಿದ ಮೇಲೂ ಬಿಸಾಡಲು ಮನಸ್ಸು ಬಾರದೆ ಅವರೇ ಇಟ್ಟುಕೊಂಡದ್ದು. ತುಂಡಾದ ಚರ್ಮದ ಪಟ್ಟಿಯನ್ನು ಯಾರೂ ಸ್ಮರಣಿಕೆ ಅಂತ ಕೊಡುವುದಿಲ್ಲ, ಅಲ್ವಾ? ‘ಅವಶೇಷ’, ‘ಪಳೆಯುಳಿಕೆ’ ಅಂದರೆ ಮಣ್ಣಿನಿಂದ ಅಗೆದು ತೆಗೆದ ಹಾಗಾಗುತ್ತದೆ.

ಇದನ್ನೆಲ್ಲ ಜೋರಾಗಿ ಹೇಳಿಕೊಂಡು ಕೂತಿದ್ದೆ. ದೊಡ್ಡಮ್ಮ ಅಡಿಕೆ ಸುಲಿಯುತ್ತಾ, “ಅದು ಅವರ ಗುರ್ತಿನ ಪೆಟ್ಟಿಗೆ ಮಾರಾಯ” ಅಂದರು. ಸುಮ್ನೆ ಹೇಳಿದ ಮಾತು. ನನಗೆ ಅದೇ ಹಿಡಿಸಿತು. ‘ಗುರ್ತಿಗೆ ಒಂದು ಇರಲಿ’ ಅಂತ ನಾವು ದಿನಾ ಹೇಳುತ್ತೇವೆ. ಮನೆ ಕೆಡವಿದಾಗ ಹಳೇ ಬಾಗಿಲಿನ ಚಿಲಕ ಎತ್ತಿಡುವುದು ಗುರ್ತಿಗೇ. ಅಲ್ಲಿ ನೆನಪೂ ಇದೆ, ಇದು ನಡೆದದ್ದು ಹೌದು ಅನ್ನುವ ಸಾಕ್ಷಿಯೂ ಇದೆ. ‘ಕುರುಹು’ ಅರ್ಥದಲ್ಲಿ ಹತ್ತಿರವೇ, ಆದರೆ ಅದು ತಾನಾಗಿ ಉಳಿದದ್ದು. ಗುರ್ತು ನಾವು ಬೇಕೆಂದು ಉಳಿಸಿಕೊಂಡದ್ದು. ಹಾಗಾಗಿ ‘ಹಳೇ ರೇಸಿನ ಗುರ್ತಿನ ಸಾಮಾನು’ ಅಂತ ಬರೆಯುವ ಆಸೆ.

ಇನ್ನೊಂದು ಪ್ರಶ್ನೆಯೂ ಇದೆ. ಪೆಟ್ಟಿಗೆಯಲ್ಲಿ ರ‍್ಯಾಲಿಯ ರೋಡ್‌ಬುಕ್ ಸಿಕ್ಕಿತು. ಹೋಗುವ ದಾರಿ ತೋರಿಸುವ ಪುಸ್ತಕ ಅದು. ಪ್ರತಿ ಕವಲಿಗೂ ಒಂದು ಚೌಕ, ಒಳಗೆ ಒಂದು ಚುಕ್ಕಿ, ಒಂದು ಬಾಣ. ನೀವು ಚುಕ್ಕಿಯಲ್ಲಿದ್ದೀರಿ, ಬಾಣದ ಕಡೆ ಹೋಗಬೇಕು ಅಂತ. ರ‍್ಯಾಲಿಯವರು ಇದನ್ನು ‘ಟ್ಯೂಲಿಪ್’ ಅನ್ನುತ್ತಾರೆ, ನೆದರ್ಲೆಂಡ್ಸಿನ ಟ್ಯೂಲಿಪ್ ರ‍್ಯಾಲಿಯಿಂದ ಬಂದ ಹೆಸರು. ಆ ಚೌಕಗಳ ಪಕ್ಕ ದೊಡ್ಡಪ್ಪನ ಕೈಬರಹ ಹೀಗಿದೆ: “ಎಡಕ್ಕೆ ದರೆ”, “ಸಂಕ, ನಿಧಾನ”, “ದಣಪೆ ದಾಟಿ ಮುರ್ಕಿ”. ನಮ್ಮ ಕಡೆ ದರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ, ಸಂಕ ಅಂದರೆ ಸಣ್ಣ ಸೇತುವೆ, ದಣಪೆ ಅಂದರೆ ಬೇಲಿಯ ಗೇಟು, ಮುರ್ಕಿ ಅಂದರೆ ತಿರುವು. ಹೇರ್‌ಪಿನ್ ಅಂತ ಅಚ್ಚಾದ ಕಡೆಯೂ ಅವರು ಬರೆದದ್ದು ಮುರ್ಕಿ ಅಂತಲೇ. ಪಕ್ಕದಲ್ಲಿ ಕೂತವರು ಓಡುವ ಕಾರಿನಲ್ಲಿ ಅದನ್ನೇ ಕೂಗಿ ಹೇಳಿರಬೇಕು. ಓದುವಾಗ ಮೈ ಜುಮ್ಮೆಂದಿತು.

ಸೊರಬ, ಕೊಪ್ಪ, ಶೃಂಗೇರಿ ಕಡೆಯವರು ಹೇಳಿ: ತಿರುವಿಗೆ ಮುರ್ಕಿ ಅನ್ನುವುದು ನಿಮ್ಮಲ್ಲೂ ಇದೆಯಾ? ಎಲ್ಲ ತಿರುವಿಗೂ ಹೇಳುತ್ತೀರಾ, ಪೂರ್ತಿ ಹಿಂದಕ್ಕೆ ಹೊರಳುವ ತಿರುವಿಗೆ ಮಾತ್ರವಾ? ಬಯಲುಸೀಮೆಯವರಿಗೆ ‘ಗುರ್ತಿನ ಸಾಮಾನು’ ಅಂದರೆ ಏನು ಹೊಳೆಯುತ್ತದೆ? ಗುರುತು ಹಾಕಿದ ಸಾಮಾನು ಅಂತ ಅರ್ಥವಾಗುವುದಾದರೆ ಬೇರೆ ಪದ ಹುಡುಕಬೇಕು. ಅಲ್ಲಿಯವರೆಗೆ ಪಟ್ಟಿಯ ತಲೆಬರಹದ ಜಾಗ ಖಾಲಿ ಬಿಟ್ಟಿರುತ್ತೇನೆ.