ಥರ್ಮೊಕೋಲ್ ಬೇಡ, ಮಳೆಗಾಲ ಬೇರೆ: ಮಾದರಿ ಯಾವುದರಲ್ಲಿ ಕಟ್ಟಿಸಲಿ?

ಕೇಳಿದ್ದು: ನಾನು ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ಚಿತ್ರಕಲೆ ಟೀಚರ್. ಎಂಟನೇ ಕ್ಲಾಸಿನಲ್ಲಿ 38 ಮಕ್ಕಳು. ಜುಲೈಯಲ್ಲಿ ಕಟ್ಟಡದ ಮಾದರಿ ಮಾಡಿಸಬೇಕು. ಥರ್ಮೊಕೋಲ್, ರಟ್ಟು ಎರಡೂ ಬೇಡ ಅಂತ ಇದ್ದೇನೆ. ಮನೆಯಲ್ಲಿ, ತೋಟದಲ್ಲಿ ಸಿಗುವುದರಲ್ಲೇ ಆಗಬೇಕು. ಮಾಡಿಸಿ ನೋಡಿದವರು ಹೇಳುತ್ತೀರಾ?

ಉತ್ತರ 1: ಅಡಿಕೆ ಹಾಳೆ ಹಿಡಿಯಿರಿ ಟೀಚರ್. ಒಣ ಹಾಳೆ ಬಗ್ಗಿಸಿದರೆ ಸೀಳುತ್ತದೆ. ನೀರಲ್ಲಿ ಚೆನ್ನಾಗಿ ನೆನೆಸಿದರೆ ಹೇಳಿದ ಹಾಗೆ ಕೇಳುತ್ತದೆ. ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿಡಿ, ಇಲ್ಲದಿದ್ದರೆ ಪುನಃ ಸುರುಟಿಕೊಳ್ಳುತ್ತದೆ.

ನಾನು ಮೊದಲ ವರ್ಷ ಗಮ್ ನಂಬಿ ಕೆಟ್ಟೆ. ಹಂಚಿನ ಮನೆ ಮಾಡಿಸಿದ್ದೆ. ಮೂರು ದಿನವಾದರೂ ಗಮ್ ಒಣಗಲಿಲ್ಲ, ಹಾಳೆಗೆ ಬೂಷ್ಟು ಬಂತು. ಪ್ರದರ್ಶನದ ದಿನ ಮನೆಯ ಮಾಡು ಪೂರ್ತಿ ಬೆಳ್ಳಗೆ! "ಸರ್, ಹಿಮ ಬಿದ್ದಿದೆ" ಎಂದ ಒಬ್ಬ ಪೋಕರಿ. ಆಮೇಲೆ ನೆನಪಾದದ್ದು ಮುಟ್ಟಾಳೆ. ಗದ್ದೆಗೆ ಇಳಿಯುವವರ ಆ ಟೊಪ್ಪಿಯಲ್ಲಿ ಗಮ್ ಎಲ್ಲುಂಟು? ಹಾಳೆ ಮಡಚಿ ಹೊಲಿದದ್ದು, ಅಷ್ಟೆ. ಈಗ ನಾವೂ ದಬ್ಬಣ, ಗೋಣಿ ದಾರ ಹಿಡಿದು ಹೊಲಿಯುತ್ತೇವೆ. ಹಾಳೆ ಮಾತ್ರ ಬೇಸಿಗೆಯಲ್ಲಿ ಒಣಗಿಸಿ ಅಟ್ಟದಲ್ಲಿ ಇಟ್ಟದ್ದನ್ನೇ ಕೇಳಿ ತರಿಸಿ. ಮಾಡಿದ್ದನ್ನು ರಾತ್ರಿ ಫ್ಯಾನ್ ಕೆಳಗಿಡಿ.

ಉತ್ತರ 2: ನನ್ನ ವೋಟು ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಗೆ. ತುದಿ ಬಳಕುತ್ತದೆ, ಬುಡದ ಕಡೆಯದ್ದೇ ಆಗಬೇಕು. ಮೊದಲು ದಾರದಲ್ಲಿ ಚೌಕ ಕಟ್ಟಲು ಬಿಡಿ. ಒತ್ತಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿಸಿ. ಎರಡು ತ್ರಿಕೋನ ಆಯಿತಲ್ವಾ, ಇನ್ನು ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮ ಮಕ್ಕಳ ಸೇತುವೆ 11 ನೋಟ್‌ಬುಕ್ ಹೊತ್ತಿತ್ತು. ಸ್ಪಗೆಟ್ಟಿ ಎಂಬ ಇಟಲಿಯ ಒಣ ಶಾವಿಗೆಯ ಗೋಪುರ ಯೂಟ್ಯೂಬಿನಲ್ಲಿ ಚಂದ. 38 ಮಕ್ಕಳಿಗೆ ದುಡ್ಡು ಕೊಡುವವರು ಯಾರು ಮಾರಾಯ್ರೆ?

ಉತ್ತರ 3: ಮಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುವಾಗ ನಾವು ಕಟ್ಟಡವನ್ನು ತಲೆಕೆಳಗಾಗಿ ನೇತುಹಾಕಿ ಮಾಡಿದ್ದೆವು. ಸ್ಪೇನಿನ ಬಾರ್ಸಿಲೋನಾದ ವಾಸ್ತುಶಿಲ್ಪಿ ಗೌಡಿ, ಚರ್ಚೊಂದರ ಕಮಾನುಗಳಿಗೆ ಹೀಗೇ ದಾರ ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿದ್ದ. ದಾರ ತಾನಾಗಿ ಜೋತುಬೀಳುವ ಆಕಾರವನ್ನು ತಿರುಗಿಸಿದರೆ ಗಟ್ಟಿ ಕಮಾನು. ನಿಮಗೆ ಸೀಸ ಬೇಡ, ಹುಣಸೆ ಬೀಜ ಸಾಕು. ಕೆಳಗೆ ಕನ್ನಡಿ ಇಡಿ, ಮಕ್ಕಳಿಗೆ ಕಟ್ಟಡ ನೆಟ್ಟಗೆ ಕಾಣುತ್ತದೆ.

ಗಟ್ಟಿ ಗುಮ್ಮಟವೇ ಬೇಕಾದರೆ ತೆಳ್ಳಗಿನ ಹಳೆ ಪಂಚೆ ತುಂಡನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ, ನಾಲ್ಕು ಮೂಲೆ ಕಟ್ಟಿ ನೇತುಹಾಕಿ. ಪ್ಲಾಸ್ಟರ್ ನೀರನ್ನು ಹಿಡಿದುಕೊಂಡೇ ಗಟ್ಟಿಯಾಗುವುದು, ಹಾಗಾಗಿ ಮಳೆಗಾಲದಲ್ಲೂ ಗಟ್ಟಿಯಾಗುತ್ತದೆ. ಆಮೇಲೆ ತಿರುಗಿಸಿದರೆ ಗುಮ್ಮಟ. ಕಲಸುವಾಗ ಬಿಸಿಯಾಗುತ್ತದೆ, ಮಕ್ಕಳ ಕೈ ಅದರಲ್ಲಿ ಇರಬಾರದು.

ಉತ್ತರ 4: ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು ತನ್ನಿ ಎಂದು ಮಾತ್ರ ಹೇಳಬೇಡಿ. ನಾನು ಹೇಳಿದ್ದೆ. ಅರ್ಧ ಮಕ್ಕಳು ತೊಳೆಯದೇ ತಂದರು. ಸ್ಟಾಫ್ ರೂಮಿನ ತನಕ ವಾಸನೆ, ಸಂಜೆಗೆ ಬೆಕ್ಕು ಹಾಜರ್.

ಕೇಳಿದವರು: ಬೆಕ್ಕಿನ ಕಥೆಗೆ ನಕ್ಕು ಸಾಕಾಯಿತು! ಹಾಳೆ, ಕಡ್ಡಿ ಎರಡೂ ಮಾಡಿಸುತ್ತೇನೆ. ತೋಟ ಇರುವ ಮನೆಯ ಮಕ್ಕಳು ಆರು ಮಂದಿ ಇದ್ದಾರೆ. ದಬ್ಬಣ ಮಾತ್ರ ನನ್ನ ಕೈಯಲ್ಲೇ ಇರಲಿ.