ತಿಳಿನೀಲಿ ಕಡಲಿನಲ್ಲಿ ಮೀನು ಏಕೆ ಕಡಿಮೆ?

ಪ್ರಶ್ನೆ: ಮೇಡಂ, ತಳ ಕಾಣುವಷ್ಟು ಶುಭ್ರವಾದ ಕಡಲಿನಲ್ಲಿ ಮೀನು ಹೆಚ್ಚಿರಬೇಕಲ್ಲವೇ? ಆದರೆ ದೊಡ್ಡ ಮೀನುಗಾರಿಕೆ ನಡೆಯುವುದು ತಣ್ಣಗಿನ, ಮಬ್ಬು ಹಸಿರು ನೀರಿನಲ್ಲಿ ಎಂದು ಓದಿದೆ. ಹಾಗೇಕೆ?

ಉತ್ತರ (ಕಡಲ ಜೀವವಿಜ್ಞಾನಿ): ನೀರು ಅಷ್ಟು ತಿಳಿಯಾಗಿದೆ ಎಂದರೆ ಅದರಲ್ಲಿ ತೇಲುವ ಜೀವ ಕಡಿಮೆ ಎಂದೇ ಲೆಕ್ಕ. ಕಡಲಿನ ಹುಲ್ಲುಗಾವಲು ಸಸ್ಯಪ್ಲವಕಗಳು. ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳು. ಅವಕ್ಕೆ ಬೆಳಕೂ ಬೇಕು, ನೈಟ್ರೇಟ್, ಫಾಸ್ಫೇಟ್‌ನಂತಹ ಗೊಬ್ಬರವೂ ಬೇಕು. ತೊಡಕಿರುವುದು ಇಲ್ಲಿಯೇ: ಬೆಳಕು ಮೇಲಿದೆ, ಗೊಬ್ಬರ ಕೆಳಗಿದೆ. ಸತ್ತದ್ದೆಲ್ಲ ಆಳಕ್ಕಿಳಿದು ಅಲ್ಲಿಯೇ ಕೊಳೆಯುತ್ತದೆ. ಬಿಸಿಲಿಗೆ ಕಾದ ಹಗುರ ನೀರು ಮೇಲೆ ಮುಚ್ಚಳದಂತೆ ಕುಳಿತುಬಿಟ್ಟರೆ ಎರಡಕ್ಕೂ ಭೇಟಿಯೇ ಇಲ್ಲ.

ಮುಚ್ಚಳ ಸರಿಸುವುದು ಗಾಳಿಯ ಕೆಲಸ. ತೀರದುದ್ದಕ್ಕೂ ತಕ್ಕ ದಿಕ್ಕಿನಲ್ಲಿ ಬೀಸುವ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಗೊಬ್ಬರ ಹೊತ್ತು ಮೇಲೇಳುತ್ತದೆ. ಇದನ್ನೇ ಅಪ್‌ವೆಲಿಂಗ್ ಎನ್ನುತ್ತೇವೆ. ಇಂತಹ ಪ್ರದೇಶಗಳು ಕಡಲಿನ ಸುಮಾರು ಶೇ 1ರಷ್ಟು ಮಾತ್ರ. ಜಗತ್ತಿನಲ್ಲಿ ಹಿಡಿಯುವ ಕಡಲ ಮೀನಿನಲ್ಲಿ ಐದನೇ ಒಂದು ಭಾಗ ಅಲ್ಲಿಂದ ಬರುತ್ತದೆ.

ಮರುಪ್ರಶ್ನೆ: ಹಾಗಾದರೆ ಗಾಳಿ ಹೆಚ್ಚಿದಷ್ಟೂ ಮೀನು ಹೆಚ್ಚು ಎನ್ನಬಹುದೇ?

ಉತ್ತರ: ವಿದ್ಯಾರ್ಥಿಗಳೂ ಹೀಗೆಯೇ ಬರೆದು ಅಂಕ ಕಳೆದುಕೊಳ್ಳುತ್ತಾರೆ! ಗಾಳಿಗೆ ಬಿಡುವೂ ಬೇಕು. ಒಂದೇ ಸಮನೆ ಬೀಸಿದರೆ ಪ್ಲವಕವೂ ಮೀನಿನ ಮರಿಗಳೂ ದೂರದ ಕಡಲಿಗೆ ಕೊಚ್ಚಿಹೋಗುತ್ತವೆ. ಕೆಲವು ದಿನ ಬೀಸಿ ಕೆಲವು ದಿನ ಸುಮ್ಮನಾದರೆ ಹಸಿರು ದಡದ ಬಳಿಯೇ ನಿಂತು ಬೆಳೆಯುತ್ತದೆ. ಇನ್ನೊಂದು ಮಾತು, ಆಳದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮೇಲೆ ಬೆಳೆದ ಪ್ಲವಕ ಸತ್ತು ತಳದಲ್ಲಿ ಕೊಳೆತಾಗ ಉಳಿದದ್ದೂ ಖರ್ಚಾಗುತ್ತದೆ. 2002ರಲ್ಲಿ ಅಮೆರಿಕದ ಒರೆಗಾನ್ ತೀರದಲ್ಲಿ ಮೀನುಗಾರರು ಮೇಲೆತ್ತಿದ ಬೋನುಗಳಲ್ಲಿ ಸತ್ತ ಏಡಿಗಳಿದ್ದುದು ಇದೇ ಕಾರಣಕ್ಕೆ.

ಇನ್ನೊಬ್ಬ ಸದಸ್ಯರು: ನೀರು ಒಂದೆರಡು ಡಿಗ್ರಿ ಬಿಸಿಯಾದರೆ ಮೀನುಗಳು ತಂಪಿರುವ ಕಡೆಗೆ ಈಜಿ ಹೋಗಬಾರದೇ?

ಉತ್ತರ: ಎಷ್ಟೋ ಮೀನುಗಳು ಹೋಗುತ್ತವೆ. ಆದರೆ ಊಟದ ಗುಣವೂ ಬದಲಾಗುತ್ತದೆ ನೋಡಿ. ಮೀನುಗಳು ತಿನ್ನುವ ಪುಟ್ಟ ತೇಲುಜೀವಿಯಾದ ತಣ್ಣೀರಿನ ಕೋಪಿಪಾಡ್ ಒಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಅಕ್ಕಿಕಾಳಿಗಿಂತ ಚಿಕ್ಕದಾದ ಆ ಪಾರದರ್ಶಕ ಮೈಯೊಳಗೆ ಉದ್ದನೆಯ ಎಣ್ಣೆಚೀಲ ಹೊಳೆಯುತ್ತಿರುತ್ತದೆ. ಬೆಚ್ಚನೆಯ ನೀರಿನೊಂದಿಗೆ ಬರುವ ಅದರ ನೆಂಟರು ಇನ್ನೂ ಚಿಕ್ಕವು, ಕೊಬ್ಬು ಕಡಿಮೆ. ಸಾಲ್ಮನ್ ಮರಿ ಹೊಟ್ಟೆ ತುಂಬ ತಿಂದರೂ ಸೊರಗುತ್ತದೆ. 2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ ಹೀಗೆ ಕಾದಿದ್ದಾಗ ಮರ್ ಎಂಬ ಕಡಲ ಹಕ್ಕಿಗಳ ಸುಮಾರು 62,000 ಕಳೇಬರಗಳು ದಡದಲ್ಲಿ ಸಿಕ್ಕವು. ಹೆಚ್ಚಿನವು ಹಸಿವಿನಿಂದ ಸತ್ತಿದ್ದವು.

ಅದೇ ಸದಸ್ಯರು: ಪೆರುವಿನ ಆಂಚೊವಿ ಎಂಬ ಪುಟ್ಟ ಮೀನಿನ ಕುಸಿತಕ್ಕೂ, ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಕಡಲನ್ನು ಬಿಸಿಮಾಡುವ ಎಲ್ ನಿನೊ ಕಾರಣ ತಾನೇ?

ಉತ್ತರ: ಅರ್ಧ ಮಾತ್ರ. ಎಲ್ ನಿನೊ ವರ್ಷಗಳಲ್ಲಿ ಅಲ್ಲಿ ಬೆಚ್ಚನೆಯ ನೀರಿನ ಪದರ ದಪ್ಪವಾಗಿ, ಗೊಬ್ಬರವಿರುವ ನೀರು ಮೇಲೆ ತಲುಪುವುದಿಲ್ಲ. ಆದರೆ 1970ರಲ್ಲಿ 1.2 ಕೋಟಿ ಟನ್‌ಗೂ ಹೆಚ್ಚು ಹಿಡಿದಿದ್ದರು. 1972–73ರ ಎಲ್ ನಿನೊ ಬಂದದ್ದು ಹೀಗೆ ಮಿತಿಮೀರಿ ಬಲೆ ಬೀಸಿದ ನಂತರ. 1973ರಲ್ಲಿ ಸಿಕ್ಕದ್ದು 20 ಲಕ್ಷ ಟನ್ನಿಗಿಂತ ಕಡಿಮೆ. ಕಡಲಿನ ಮೇಲಷ್ಟೇ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ.